ಬರಡೆಂಬ ನೆಲದ ಕಾಣದ ಜೀವಲೋಕ

ಚೈತ್ರ, ವೈಶಾಖಗಳ ಉರಿಬಿಸಿಲಿನಲ್ಲಿ ಚಳ್ಳಕೆರೆಯಿಂದ ಮೊಳಕಾಲ್ಮೂರಿನ ಕಡೆಗೆ ಬಸ್ಸಿನಲ್ಲಿ ಹೋಗುವ ಪರಸ್ಥಳದವರು ಕಿಟಕಿಯಾಚೆ ಕಣ್ಣು ಹಾಯಿಸಿ ಆಡುವ ಮಾತು ಬಹುಮಟ್ಟಿಗೆ ಒಂದೇ: “ಇಲ್ಲಿ ಏನೂ ಇಲ್ಲವಲ್ಲ!” ಒಣಗಿದ ಹುಲ್ಲು, ಕುರುಚಲು ಜಾಲಿ, ಬಂಡೆಗುಡ್ಡ, ಬಿರುಕು ಬಿಟ್ಟ ಕೆರೆಯಂಗಳ. ನಾಡಿನಲ್ಲಿಯೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳ ಸಾಲಿಗೆ ಸೇರಿದ ಈ ಸೀಮೆಯನ್ನು ಕಂಡವರು ಹಾಗೆನ್ನುವುದು ಸಹಜ. ವ್ಯಥೆಯ ಸಂಗತಿಯೆಂದರೆ, ಇಲ್ಲಿಯೇ ಹುಟ್ಟಿ ಬೆಳೆದ ನಾವೂ ನಮ್ಮ ಮಕ್ಕಳ ಮುಂದೆ ಅದೇ ಮಾತನ್ನು ಆಡುತ್ತ ಬಂದಿದ್ದೇವೆ.

ಆದರೆ ಮುಂಗಾರಿನ ಮೊದಲ ಹನಿಗಳು ಈ ನೆಲಕ್ಕೆ ಬಿದ್ದ ಗಳಿಗೆಯನ್ನು ನೆನೆಯಿರಿ. ಅಂಗಳದಲ್ಲಿ ಕುಳಿತ ಅಜ್ಜಿಯಿಂದ ಹಿಡಿದು ತೊಟ್ಟಿಲ ಕೂಸಿನವರೆಗೆ ಎಲ್ಲರ ಮೂಗಿಗೂ ಒಂದು ಪರಿಮಳ ತಾಕುತ್ತದೆ. ಅದು ಕೇವಲ ಮಣ್ಣಿನ ವಾಸನೆಯಲ್ಲ; ಮಣ್ಣಿನೊಳಗಿರುವ ಜೀವಿಗಳ ವಾಸನೆ. ಏನೂ ಇಲ್ಲವೆಂದು ನಾವು ತಿಳಿದ ನೆಲವು ವರ್ಷಕ್ಕೊಮ್ಮೆ ತಾನು ಜೀವಂತವಾಗಿರುವೆನೆಂದು ಹೀಗೆ ಸಾರಿ ಹೇಳುತ್ತದೆ. ಆ ಕಾಣದ ಲೋಕವನ್ನು ಕಾಣಿಸುವ, ಅದರ ಸದ್ದನ್ನು ಕೇಳಿಸುವ ಒಂದು ಹೊಸ ಕಲೆಯು ಜಗತ್ತಿನಲ್ಲಿ ಬೆಳೆದುಬಂದಿದೆ. ಅದರ ಪರಿಚಯವನ್ನು ನಮ್ಮ ಓದುಗ ಬಂಧುಗಳಿಗೆ ಮಾಡಿಕೊಡುವುದು ಈ ಲೇಖನದ ಉದ್ದೇಶ.

ಪರಿಮಳದ ಒಡೆಯರು

ಮೊದಲ ಮಳೆಯ ಗಂಧಕ್ಕೆ 1964ರಲ್ಲಿ ಆಸ್ಟ್ರೇಲಿಯಾದ ಇಸಬೆಲ್ ಜಾಯ್ ಬೇರ್ ಮತ್ತು ರಿಚರ್ಡ್ ಥಾಮಸ್ ಎಂಬ ವಿಜ್ಞಾನಿಗಳು ‘ಪೆಟ್ರಿಕೋರ್’ ಎಂದು ಹೆಸರಿಟ್ಟರು. ನಮ್ಮ ದೇಶದ ಕನೌಜಿನ ಅತ್ತರಿನವರು ಅದಕ್ಕೆ ಬಹು ಹಿಂದಿನಿಂದಲೇ ಸುಟ್ಟ ಮಣ್ಣನ್ನು ಬಟ್ಟಿಯಿಳಿಸಿ, ಆ ಪರಿಮಳವನ್ನು ಶ್ರೀಗಂಧದೆಣ್ಣೆಯಲ್ಲಿ ಹಿಡಿದಿಡುವ ವಿದ್ಯೆಯನ್ನು ಬಲ್ಲವರಾಗಿದ್ದರು. ಈ ಗಂಧದಲ್ಲಿ ಮುಖ್ಯವಾದ ಪದಾರ್ಥ ‘ಜಿಯೋಸ್ಮಿನ್’. ಮಣ್ಣಿನಲ್ಲಿ ವಾಸಿಸುವ ಸ್ಟ್ರೆಪ್ಟೊಮೈಸಿಸ್ ಎಂಬ ಸೂಕ್ಷ್ಮಜೀವಿಗಳು ಅದನ್ನು ತಯಾರಿಸುತ್ತವೆ. ಗಾಳಿಯ ಲಕ್ಷ ಕೋಟಿ ಭಾಗಗಳಲ್ಲಿ ಅದು ಕೆಲವೇ ಭಾಗದಷ್ಟಿದ್ದರೂ ಮನುಷ್ಯನ ಮೂಗು ಗುರುತಿಸಬಲ್ಲುದು. ಕ್ಷಯರೋಗದಿಂದ ಅಸಂಖ್ಯ ಜನರನ್ನು ಉಳಿಸಿದ ಸ್ಟ್ರೆಪ್ಟೊಮೈಸಿನ್ ಔಷಧಿಯೂ 1943ರಲ್ಲಿ ದೊರಕಿದ್ದು ಇದೇ ಕುಲದ ಜೀವಿಯಿಂದ. ಕಾಲಡಿಯ ಧೂಳೆಂದು ನಾವು ಝಾಡಿಸಿಕೊಳ್ಳುವುದರಲ್ಲಿ ಎಷ್ಟು ಮನೆಗಳ ದೀಪ ಉಳಿಸಿದ ಸಂಜೀವಿನಿಯಿದೆಯೆಂಬುದನ್ನು ಯೋಚಿಸಬೇಕು.

ಈ ಜೀವಿಗಳು ಬೇಸಗೆಯಲ್ಲಿ ಸಾಯುವುದಿಲ್ಲ. ಬೀಜದಂಥ ಕಣಗಳಾಗಿ ಒಣನೆಲದಲ್ಲಿ ಕಾದಿರುತ್ತವೆ. 2015ರಲ್ಲಿ ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಸಂಶೋಧಕರು ಅತಿವೇಗದ ಕ್ಯಾಮೆರಾದಿಂದ ಮಳೆಹನಿಯು ಮಣ್ಣಿಗೆ ಬೀಳುವುದನ್ನು ಚಿತ್ರಿಸಿದರು. ಹನಿಯು ನೆಲಕ್ಕೆ ಬಡಿದೊಡನೆ ಅದರೊಳಗೆ ಗಾಳಿಯ ಪುಟ್ಟ ಗುಳ್ಳೆಗಳು ಸಿಕ್ಕಿಕೊಳ್ಳುತ್ತವೆ. ಅವು ಮೇಲೇರಿ ಒಡೆದಾಗ ಕಣ್ಣಿಗೆ ಕಾಣದ ತುಂತುರು ಗಾಳಿಗೆ ಚಿಮ್ಮುತ್ತದೆ. ಮಣ್ಣಿನ ಗಂಧವು ನಮ್ಮ ಮೂಗಿಗೆ ಬರುವ ದಾರಿಗಳಲ್ಲಿ ಇದೂ ಒಂದು. 2020ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನವು, ಜಿಗಿಯುವ ಅತಿ ಚಿಕ್ಕ ಮಣ್ಣುಹುಳುಗಳು ಇದೇ ವಾಸನೆಯ ಜಾಡು ಹಿಡಿದು ಬಂದು ಆ ಸೂಕ್ಷ್ಮಜೀವಿಗಳನ್ನು ತಿಂದು, ಅವುಗಳ ಬೀಜಕಣಗಳನ್ನು ಬೇರೆಡೆಗೆ ಹೊತ್ತೊಯ್ಯುತ್ತವೆಂದು ತೋರಿಸಿತು. ನಮಗೆ ಹಿತವೆನಿಸುವ ಆ ಗಂಧವು ಅಸಲಿನಲ್ಲಿ ಒಂದು ಜೀವಿಯು ಇನ್ನೊಂದಕ್ಕೆ ಕಳುಹಿಸಿದ ಕರೆಯೋಲೆ.

ಈ ಸಂಗತಿಯು ವಿಜ್ಞಾನಿಗಳಷ್ಟೇ ಕಲಾವಿದರನ್ನೂ ಸೆಳೆದದ್ದು ನಮ್ಮ ಕರ್ನಾಟಕದಲ್ಲಿಯೇ. 2009ರಲ್ಲಿ ಬೆಂಗಳೂರಿನ ಸೃಷ್ಟಿ ಕಲಾಶಾಲೆಯ ವಿದ್ಯಾರ್ಥಿಗಳು ಅಲ್ಲಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದವರ ನೆರವು ಪಡೆದು, ಸಾಧಾರಣವಾದ ಒಂದು ಬ್ಯಾಕ್ಟೀರಿಯಕ್ಕೆ ಜಿಯೋಸ್ಮಿನ್ ತಯಾರಿಸುವ ಗುಣವನ್ನು ಕೂಡಿಸುವ ಪ್ರಯೋಗಕ್ಕೆ ಕೈಹಾಕಿದರು. ಮೊದಲ ಮಳೆಯ ವಾಸನೆಯನ್ನು ಪ್ರಯೋಗಾಲಯದ ಪುಟ್ಟ ಬಟ್ಟಲಿನಲ್ಲಿ ಹುಟ್ಟಿಸುವುದು ಅವರ ಬಯಕೆಯಾಗಿತ್ತು. ಆ ಕೆಲಸವನ್ನು ಅವರು ಅಮೆರಿಕದಲ್ಲಿ ನಡೆದ ಅಂತರರಾಷ್ಟ್ರೀಯ ಸ್ಪರ್ಧೆಗೂ ಒಯ್ದರು. ಕುಂಚ ಹಿಡಿಯಬೇಕಾದ ಕೈಗಳು ಸೂಕ್ಷ್ಮದರ್ಶಕದ ಮುಂದೆ ಕುಳಿತದ್ದನ್ನು ಕಂಡು ಹಲವರು ಬೆರಗಾದರು.

ವಿಡಿಯೋ ಕಲೆ ಎಂದರೇನು?

ವಿಡಿಯೋ ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಮದುವೆಯ ಕ್ಯಾಸೆಟ್ಟು ಇಲ್ಲವೆ ಸಿನಿಮಾ. ವಿಡಿಯೋ ಕಲೆ ಇವೆರಡೂ ಅಲ್ಲ. ಅದರಲ್ಲಿ ನಾಯಕ, ನಾಯಕಿ, ಕಥೆ ಇರಲೇಬೇಕೆಂಬ ಕಟ್ಟಳೆಯಿಲ್ಲ. ಒಂದು ಎಲೆಯ ಅಲುಗಾಟವನ್ನು, ಒಂದು ಹನಿಯ ಪಯಣವನ್ನು ತಾಳ್ಮೆಯಿಂದ ತೋರಿಸಿ, ನೋಡುಗನ ಕಣ್ಣನ್ನೇ ತಿದ್ದುವುದು ಅದರ ಗುರಿ. ಚಿತ್ರಪಟದಂತೆ ಅದನ್ನು ಗೋಡೆಯ ಮೇಲೆ ಬೆಳಕಿನಿಂದ ಮೂಡಿಸುತ್ತಾರೆ. ನೋಡುವವನು ತನಗೆ ಬೇಕಾದಷ್ಟು ಹೊತ್ತು ನಿಂತು ನೋಡಬಹುದು.

ಈ ಕಲೆಯು ಹುಟ್ಟಿದ್ದೇ ಸಂಗೀತದ ಮಡಿಲಿನಲ್ಲಿ. ಕೊರಿಯಾ ದೇಶದಲ್ಲಿ ಜನಿಸಿ ಸಂಗೀತಶಾಸ್ತ್ರವನ್ನು ಕಲಿತ ನಾಮ್ ಜೂನ್ ಪೈಕ್ ಎಂಬಾತನು 1963ರಲ್ಲಿ ಜರ್ಮನಿಯ ವುಪ್ಪರ್ಟಾಲ್ ನಗರದಲ್ಲಿ ಟೆಲಿವಿಷನ್ ಪೆಟ್ಟಿಗೆಗಳ ಒಳಗಿನ ಜೋಡಣೆಯನ್ನು ಬದಲಿಸಿ, ತೆರೆಯ ಮೇಲೆ ವಿಚಿತ್ರ ರೇಖೆಗಳನ್ನು ಕುಣಿಸಿದನು. ವಿಡಿಯೋ ಕಲೆಯ ಚರಿತ್ರೆಯನ್ನು ಬಹುಜನರು ಅಲ್ಲಿಂದ ಆರಂಭಿಸುತ್ತಾರೆ. ಅದಕ್ಕೂ ಮೊದಲೇ ಸೂಕ್ಷ್ಮಲೋಕವನ್ನು ಚಲನಚಿತ್ರದಲ್ಲಿ ಹಿಡಿದ ಹಿರಿಯರಿದ್ದರು. ಫ್ರಾನ್ಸಿನ ವೈದ್ಯ ಜಾನ್ ಕೊಮಾಂದೋ 1909ರ ಹೊತ್ತಿಗೆ ಸೂಕ್ಷ್ಮದರ್ಶಕಕ್ಕೆ ಚಲನಚಿತ್ರ ಯಂತ್ರವನ್ನು ಜೋಡಿಸಿ ರೋಗಾಣುಗಳ ಓಡಾಟವನ್ನು ತೋರಿಸಿದನು. ಇಂಗ್ಲೆಂಡಿನ ಪರ್ಸಿ ಸ್ಮಿತ್ 1910ರಲ್ಲಿ, ಮೊಗ್ಗು ಅರಳುವ ದೀರ್ಘಕಾಲದ ಕ್ರಿಯೆಯನ್ನು ಕೆಲವೇ ಕ್ಷಣಗಳಿಗೆ ಇಳಿಸಿ ತೋರಿಸಿ ಜನರನ್ನು ಚಕಿತಗೊಳಿಸಿದನು.

ನಮ್ಮ ದೇಶದಲ್ಲಿ 1990ರ ದಶಕದಲ್ಲಿ ವಿವಾನ್ ಸುಂದರಂ, ನಳಿನಿ ಮಲಾನಿ ಮೊದಲಾದವರು ವಿಡಿಯೋವನ್ನು ಕಲೆಯ ಮಾಧ್ಯಮವಾಗಿ ಬಳಸತೊಡಗಿದರು. ಬೆಂಗಳೂರಿನ ಕಲಾವಿದೆ ಸುರೇಖಾ ಅವರು, ಕೆರೆಗೆ ಹಾರವಾದ ಜನಪದ ಕಥೆಯ ಭಾಗೀರಥಿಯನ್ನು ನೆನೆಯುವ ವಿಡಿಯೋ ಕೃತಿಯನ್ನು ರಚಿಸಿದ್ದಾರೆ. ದೆಹಲಿಯ ರೋಹಿಣಿ ದೇವಾಶೇರ್ ಅವರು 2011ರ ತಮ್ಮ ‘ಆರ್ಬೋರಿಯಲ್’ ಕೃತಿಗೆ ಬಳಸಿದ ಉಪಾಯ ಬಹು ಸ್ವಾರಸ್ಯಕರ. ಕ್ಯಾಮೆರಾ ಯಾವ ತೆರೆಗೆ ಚಿತ್ರ ಕಳುಹಿಸುತ್ತಿದೆಯೋ ಅದೇ ತೆರೆಯತ್ತ ಕ್ಯಾಮೆರಾವನ್ನು ತಿರುಗಿಸಿದರೆ, ಎದುರುಬದುರು ಕನ್ನಡಿಗಳಲ್ಲಿ ಆಗುವಂತೆ ಬಿಂಬದೊಳಗೆ ಬಿಂಬ ಹುಟ್ಟುತ್ತ ಹೋಗುತ್ತದೆ. ಅವನ್ನು ಪದರಪದರವಾಗಿ ಜೋಡಿಸಿದಾಗ ಕೊಂಬೆಯೊಡೆದು ಬೆಳೆಯುವ ಮರದಂಥ ಆಕೃತಿಗಳು ತಾವಾಗಿಯೇ ಮೂಡುತ್ತವೆ. ಪ್ರಕೃತಿಯು ಬೆಳೆಯುವ ಬಗೆಯನ್ನು ಯಂತ್ರವೊಂದು ಅನುಕರಿಸಿದಂತೆ ಅದು ತೋರುತ್ತದೆ.

ಸದ್ದಿನ ಜೊತೆಗಾರಿಕೆ

ನೋಟಕ್ಕೆ ಧ್ವನಿ ಜೊತೆಯಾದಾಗ ಈ ಕಲೆ ಪೂರ್ಣವಾಗುತ್ತದೆ. 2004ರಲ್ಲಿ ಅಮೆರಿಕದ ಲಾಸ್ ಏಂಜಲಿಸ್‌ನಲ್ಲಿ ಜೇಮ್ಸ್ ಜಿಮ್ಜೆವ್‌ಸ್ಕಿ ಎಂಬ ವಿಜ್ಞಾನಿಯ ತಂಡವು ಯೀಸ್ಟ್ ಎಂಬ ಹುದುಗಿನ ಜೀವಕೋಶದ ಮೇಲೆ ಅತಿ ಸೂಕ್ಷ್ಮವಾದ ಮೊನೆಯೊಂದನ್ನು ಇರಿಸಿ ಪರೀಕ್ಷಿಸಿತು. ಆ ಜೀವಕೋಶದ ಗೋಡೆಯು ಸೆಕೆಂಡಿಗೆ ಸುಮಾರು ಸಾವಿರ ಬಾರಿ ಕಂಪಿಸುತ್ತಿತ್ತು. ಆ ಕಂಪನವನ್ನು ವಿದ್ಯುತ್ತಿನ ನೆರವಿನಿಂದ ಹಿಗ್ಗಿಸಿದಾಗ ಮನುಷ್ಯನ ಕಿವಿಗೆ ಕೇಳುವ ಸ್ವರವಾಯಿತು. ಜೀವಕ್ರಿಯೆಯನ್ನು ತಡೆಯುವ ರಾಸಾಯನಿಕವನ್ನು ಹಾಕಿದೊಡನೆ ಕಂಪನ ನಿಂತಿತು, ಸ್ವರವೂ ಅಡಗಿತು. ಆನ್ ನೀಮೆಟ್ಸ್ ಎಂಬ ಕಲಾವಿದೆಯು ಈ ವಿಜ್ಞಾನಿಯೊಡನೆ ಸೇರಿ ಅದೇ ವರ್ಷ ಆ ಸ್ವರಗಳನ್ನೂ ಜೀವಕೋಶಗಳ ಚಿತ್ರಗಳನ್ನೂ ಕೂಡಿಸಿ ಒಂದು ಪ್ರದರ್ಶನವನ್ನು ಸಿದ್ಧಪಡಿಸಿದಳು. ರಾತ್ರಿ ರುಬ್ಬಿಟ್ಟ ದೋಸೆಯ ಹಿಟ್ಟು ಬೆಳಗಾಗುವಷ್ಟರಲ್ಲಿ ಉಬ್ಬಿ ಬರುವುದು ಇಂಥ ಕಾಣದ ಜೀವಿಗಳ ದುಡಿಮೆಯಿಂದಲೇ. ನಮ್ಮ ತಾಯಂದಿರು ನಿತ್ಯವೂ ಆ ಲೋಕದೊಡನೆ ವ್ಯವಹರಿಸುತ್ತಲೇ ಇದ್ದಾರೆ.

ಇನ್ನು ಮೊಳಕಾಲ್ಮೂರಿನ ಮಾತು. ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಇಲ್ಲಿನ ರೇಷ್ಮೆ ಸೀರೆಯನ್ನು ಉಟ್ಟು ಹಸೆಮಣೆಯೇರಿದ ಹೆಣ್ಣುಮಕ್ಕಳು ನಮ್ಮ ಮನೆಮನೆಗಳಲ್ಲಿದ್ದಾರೆ. ಆ ಸೀರೆಯ ಹಿಂದೆ ಮಗ್ಗದ ಸದ್ದಿದೆ. ಮಗ್ಗದ ಸದ್ದಿಗೂ ಹಿಂದೆ ಇನ್ನೊಂದು ಸದ್ದಿದೆ. ರೇಷ್ಮೆ ಸಾಕುವ ಮನೆಯಲ್ಲಿ ರಾತ್ರಿ ಕಳೆದವರಿಗೆ ಅದು ಗೊತ್ತು. ಹುಳುಗಳು ನಾಲ್ಕನೆಯ ಜ್ವರದಿಂದೆದ್ದು ಹಿಪ್ಪುನೇರಳೆ ಸೊಪ್ಪಿಗೆ ಬಾಯಿಹಾಕಿದಾಗ, ಹೊರಗೆ ಆಕಾಶ ನಿರ್ಮಲವಾಗಿದ್ದರೂ ಒಳಗೆ ಸಣ್ಣ ಮಳೆ ಹಿಡಿದಂತೆ ಕೇಳಿಸುತ್ತದೆ. ಒಂದು ಹುಳುವಿನ ಸದ್ದು ಕಿವಿಗೆ ಬೀಳದು. ಸಾವಿರಾರು ಹುಳುಗಳು ಕೂಡಿದಾಗ ಅದು ಮಳೆಯಾಗುತ್ತದೆ.

ಈ ಸದ್ದನ್ನೇ ಕಲೆಯಾಗಿಸಿದವರು ಚೀನಾ ದೇಶದಲ್ಲಿದ್ದಾರೆ. 1945ರಲ್ಲಿ ಶಾಂಘೈನಲ್ಲಿ ಜನಿಸಿದ ಲಿಯಾಂಗ್ ಶಾವೋಜಿ ಎಂಬ ಕಲಾವಿದರು 1989ರಿಂದ ರೇಷ್ಮೆಹುಳುಗಳನ್ನು ಸಾಕುತ್ತ, ಅವುಗಳನ್ನೇ ತಮ್ಮ ಜೊತೆಗಾರರನ್ನಾಗಿ ಮಾಡಿಕೊಂಡು ಕೃತಿಗಳನ್ನು ರಚಿಸುತ್ತ ಬಂದವರು. ಹುಳು ತಿನ್ನುವ, ನೂಲುವ ಸದ್ದನ್ನು ಜನರು ಶಾಂತವಾಗಿ ಕುಳಿತು ಕೇಳಲೆಂದೇ ಅವರು ಏರ್ಪಾಡು ಮಾಡಿದ್ದುಂಟು. ನಮ್ಮ ರೈತನ ಮನೆಯಲ್ಲಿ ಪುಕ್ಕಟೆಯಾಗಿ ಕೇಳಿಬರುವ ಸಂಗೀತವು ಅಲ್ಲಿ ಕಲಾಶಾಲೆಗಳ ಗೌರವ ಪಡೆದಿದೆ.

ರೇಷ್ಮೆಯ ಬದುಕು ಸೂಕ್ಷ್ಮದರ್ಶಕಕ್ಕೂ ಋಣಿ. ಗಂಟುರೋಗವು ಫ್ರಾನ್ಸಿನ ರೇಷ್ಮೆ ಉದ್ಯಮವನ್ನು ನೆಲಕಚ್ಚಿಸಿದ್ದಾಗ, 1865ರಿಂದ ಕೆಲವು ವರ್ಷ ಲೂಯಿ ಪಾಶ್ಚರ್ ಅದರ ಬೆನ್ನುಹತ್ತಿದರು. ಮೊಟ್ಟೆಯಿಟ್ಟ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗದ ಕಣ ಕಂಡರೆ ಆ ಮೊಟ್ಟೆಗಳನ್ನು ನಾಶಮಾಡಬೇಕೆಂಬ ವಿಧಾನವನ್ನು ಅವರು ಬಳಕೆಗೆ ತಂದರು. ಇಂದಿಗೂ ನಮ್ಮ ಮೊಟ್ಟೆ ಉತ್ಪಾದನಾ ಕೇಂದ್ರಗಳಲ್ಲಿ ತಾಯಿ ಚಿಟ್ಟೆಯ ಪರೀಕ್ಷೆ ನಡೆಯುತ್ತದೆ. ಕಣ್ಣಿಗೆ ಕಾಣದ್ದನ್ನು ಕಾಣುವ ಶ್ರದ್ಧೆಯಿಲ್ಲದಿದ್ದರೆ ಮಗ್ಗಕ್ಕೆ ನೂಲೇ ಬರುತ್ತಿರಲಿಲ್ಲ.

ನುಡಿದ ಕಲ್ಲು, ನುಡಿಯುವ ಶಾಸನ

ಚಿತ್ರವನ್ನೂ ಧ್ವನಿಯನ್ನೂ ಬೆಸೆಯುವ ಈ ಕಲೆ ಪರದೇಶದ್ದೆಂದು ನಾವು ಹಿಂಜರಿಯಬೇಕಾಗಿಲ್ಲ. ಮೊಳಕಾಲ್ಮೂರಿಗೆ ನೆರೆಯದಾದ ಬಳ್ಳಾರಿ ಸೀಮೆಯಲ್ಲಿ, ಸಂಗನಕಲ್ಲು–ಕಪ್ಪಗಲ್ಲು ಗುಡ್ಡದ ಮೇಲೆ ನವಶಿಲಾಯುಗದ ಜನರು ಕರಿಬಂಡೆಗಳ ಮೇಲೆ ಗೂಳಿಗಳ ಚಿತ್ರಗಳನ್ನು ಕುಟ್ಟಿ ಮೂಡಿಸಿದರು. ಆ ಚಿತ್ರಗಳ ನಡುವೆಯೇ, ಕಲ್ಲಿನಿಂದ ಹೊಡೆದರೆ ಜಾಗಟೆಯಂತೆ ನಾದಗೊಡುವ ಬಂಡೆಗಳಿವೆ. ಮತ್ತೆ ಮತ್ತೆ ಬಡಿದು ಸವೆದ ಗುಳಿಗಳು ಅವುಗಳ ಮೈಮೇಲಿವೆ. 2004ರಲ್ಲಿ ನಿಕೋಲ್ ಬೊವಾನ್ ಎಂಬ ಪುರಾತತ್ತ್ವ ಸಂಶೋಧಕಿಯು ಈ ನಾದಶಿಲೆಗಳ ಕುರಿತು ಬರೆದ ಲೇಖನವು ಲೋಕದ ಗಮನವನ್ನು ಸೆಳೆಯಿತು. ಕಣ್ಣಿಗೆ ಚಿತ್ರ, ಕಿವಿಗೆ ನಾದ, ಎರಡೂ ಒಂದೆಡೆ. ಇಂದಿನ ಕಲಾವಿದರು ಯಂತ್ರಗಳಿಂದ ಮಾಡುತ್ತಿರುವುದನ್ನು ನಮ್ಮ ಸೀಮೆಯ ಪೂರ್ವಿಕರು ಸಾವಿರಾರು ವರ್ಷಗಳ ಹಿಂದೆ ಬರಿಗೈಯಲ್ಲಿ ಮಾಡಿದ್ದರು. ಇಷ್ಟಾಗಿಯೂ ಆ ಗುಡ್ಡಕ್ಕೆ ಕಲ್ಲುಗಣಿಗಾರಿಕೆಯ ಪೆಟ್ಟು ತಗಲಿತು. ‘ಬರಿಯ ಕಲ್ಲು’ ಎಂಬ ಮಾತಿಗೆ ತೆತ್ತ ಬೆಲೆಯದು.

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕ ಚಕ್ರವರ್ತಿಯ ಶಾಸನಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಅವರು ಇವುಗಳನ್ನು ಬೆಳಕಿಗೆ ತಂದರು. ತಂದೆತಾಯಿಗಳ ಮಾತು ಕೇಳಬೇಕು, ಸತ್ಯವನ್ನು ನುಡಿಯಬೇಕು ಎಂಬುದರ ಜೊತೆಗೆ ಜೀವಿಗಳ ವಿಷಯದಲ್ಲಿ ದೃಢವಾದ ದಯೆಯಿರಬೇಕೆಂಬ ಆಶಯವೂ ಅಲ್ಲಿ ಕಲ್ಲಿನಲ್ಲಿ ಕೊರೆಯಲ್ಪಟ್ಟಿದೆ. ದಯೆಯನ್ನೇ ಧರ್ಮದ ಬೇರೆಂದು ಬಗೆದ ನಮ್ಮ ಜನಕ್ಕೆ ಈ ಬೋಧೆ ಹೊಸತಲ್ಲ. ಆದರೆ ಕಾಣದ ಜೀವಿಗೆ ದಯೆ ತೋರುವುದು ಹೇಗೆ? ಮೊದಲು ಕಾಣಬೇಕು. ಕಂಡ ಮೇಲೆ ತಾನೇ ಕನಿಕರ!

‘ಏನೂ ಇಲ್ಲ’ ಎಂಬ ಮಾತಿನ ಬೆಲೆ

ಕಾಣದಿದ್ದರೆ ಏನಾಗುತ್ತದೆಂಬುದಕ್ಕೆ ಚಳ್ಳಕೆರೆಯ ಕಾವಲುಗಳೇ ಸಾಕ್ಷಿ. ಮೈಸೂರು ಅರಸರ ಕಾಲದಿಂದ ಅಮೃತಮಹಲ್ ದನಗಳಿಗೆಂದು ಮೀಸಲಾಗಿದ್ದ ಈ ಹುಲ್ಲುಗಾವಲುಗಳಲ್ಲಿ ಕೃಷ್ಣಮೃಗಗಳು ಓಡಾಡಿವೆ. ಎರೆಭೂತನೆಂಬ ಅಪರೂಪದ ದೊಡ್ಡ ಹಕ್ಕಿ ಹಿಂದೆ ಇಲ್ಲಿ ಬದುಕಿತ್ತು. ಇಲ್ಲಿ ಮೇಯುವ ಕುರಿಗಳ ಉಣ್ಣೆಯಿಂದ ಚಳ್ಳಕೆರೆಯ ಕಂಬಳಿ ಹೆಸರಾಯಿತು. ಆದರೂ ಸರ್ಕಾರಿ ಕಡತಗಳ ಭಾಷೆಯಲ್ಲಿ ಹುಲ್ಲುನೆಲ ಎಂದರೆ ಬಹುಕಾಲ ಪಾಳುಭೂಮಿಯೆಂದೇ ಅರ್ಥವಾಗಿತ್ತು. 2010ರ ಆಸುಪಾಸಿನಲ್ಲಿ ಕುದಾಪುರದ ಸುತ್ತಮುತ್ತ ರಕ್ಷಣಾ ಸಂಶೋಧನಾ ಸಂಸ್ಥೆಗೆ 4,290 ಎಕರೆ, ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ ಹೀಗೆ ಸಾವಿರಾರು ಎಕರೆ ಕಾವಲು ದೊರೆಯಿತು. ದನ, ಕುರಿಗಳನ್ನು ನಂಬಿದ ಹಳ್ಳಿಗರು ಮೇವಿನ ದಾರಿ ಮುಚ್ಚಿತೆಂದು ದನಿಯೆತ್ತಿದರು. ಪ್ರಕರಣವು ಹಸಿರು ನ್ಯಾಯಮಂಡಳಿಯ ಮೆಟ್ಟಿಲನ್ನೂ ಏರಿತು.

ವಿಜ್ಞಾನ ಬೇಡವೆಂಬುದು ಈ ಲೇಖನದ ಅಭಿಪ್ರಾಯವಲ್ಲ. ಅದೇ ಕುದಾಪುರದ ಆವರಣದಲ್ಲಿ ವಿಜ್ಞಾನ ಸಂಸ್ಥೆಯು ನಾಡಿನ ಶಾಲಾ ಉಪಾಧ್ಯಾಯರಿಗೆ ತರಬೇತಿ ನೀಡುತ್ತ ಬಂದಿರುವುದು ಸ್ತುತ್ಯವಾದ ಕಾರ್ಯ. ನಾವು ಹೇಳಬಯಸುವುದಿಷ್ಟೆ: ನೆಲವನ್ನು ಯಾವುದಕ್ಕೆ ಕೊಡಬೇಕೆಂದು ತೀರ್ಮಾನಿಸುವವರಿಗೂ, ಕೊಟ್ಟುದನ್ನು ಪ್ರಶ್ನಿಸುವವರಿಗೂ ಆ ನೆಲದಲ್ಲಿ ಏನಿದೆಯೆಂಬುದು ಮೊದಲು ಕಾಣಬೇಕು. ಅಂಕಿಅಂಶಗಳ ವರದಿ ಮಾಡಲಾರದ ಕೆಲಸವನ್ನು ಒಂದು ಹನಿಯ, ಒಂದು ಹುಳುವಿನ ಚಲಿಸುವ ಚಿತ್ರ ಮಾಡಬಲ್ಲುದು.

ಮನೆಯಿಂದಲೇ ಆರಂಭ

ಇದಕ್ಕೆ ದೊಡ್ಡ ಹಣವೇನೂ ಬೇಡ. ಹೆಚ್ಚಿನ ಮನೆಗಳಲ್ಲಿ ಈಗ ಕ್ಯಾಮೆರಾ ಉಳ್ಳ ಮೊಬೈಲ್ ಫೋನಿದೆ. ಪ್ರೌಢಶಾಲೆಗಳಲ್ಲಿ ಸಾಮಾನ್ಯವಾಗಿ ಒಂದಾದರೂ ಸೂಕ್ಷ್ಮದರ್ಶಕವಿರುತ್ತದೆ. ಅದರ ಕಣ್ಣುಗಾಜಿಗೆ ಫೋನಿನ ಕ್ಯಾಮೆರಾವನ್ನು ಅಲುಗದಂತೆ ಹಿಡಿದರೆ ಸಾಕು, ಒಳಗಿನ ಲೋಕ ತೆರೆಯ ಮೇಲೆ ಮೂಡುತ್ತದೆ. ಭಾರತೀಯ ಮೂಲದ ವಿಜ್ಞಾನಿ ಮನು ಪ್ರಕಾಶ್ ಅವರು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಸಂಗಡಿಗರೊಡನೆ ರೂಪಿಸಿ 2014ರಲ್ಲಿ ಲೋಕಕ್ಕೆ ಪರಿಚಯಿಸಿದ ‘ಫೋಲ್ಡ್‌ಸ್ಕೋಪ್’ ಎಂಬ ಕಾಗದದ ಸೂಕ್ಷ್ಮದರ್ಶಕವೂ ಇದೆ. ಮಕ್ಕಳೇ ಅದನ್ನು ಮಡಿಚಿ ಜೋಡಿಸಿ ಜೇಬಿನಲ್ಲಿಟ್ಟುಕೊಳ್ಳಬಹುದು.

ನೋಡುವುದೇನನ್ನು? ನಾಯಕನಹಟ್ಟಿಯ ಶ್ರೀ ಗುರು ತಿಪ್ಪೇರುದ್ರಸ್ವಾಮಿಗಳು ಕೆರೆಗಳನ್ನು ಕಟ್ಟಿಸಿದ ಪುಣ್ಯಪುರುಷರೆಂದು ಈ ಸೀಮೆ ಇಂದಿಗೂ ಕೊಂಡಾಡುತ್ತದೆ. ಊರಿನ ಯಾವುದೇ ಕೆರೆಯ ಒಂದು ಹನಿಯಲ್ಲಿ ಹಸಿರು ಪಾಚಿಯ ಎಳೆಗಳು, ಗಾಜಿನ ಪೆಟ್ಟಿಗೆಯಂಥ ಕವಚದ ಡಯಾಟಮ್‌ಗಳು, ಚಪ್ಪಲಿಯಾಕಾರದ ಪ್ಯಾರಮೀಸಿಯಂ ಓಡಾಡುವುದನ್ನು ಕಾಣಬಹುದು. ಕೆರೆ ಒಣಗಿದ್ದರೆ ನಿರಾಶೆ ಬೇಡ. ಹಳೆಯ ಕಲ್ಲುಗೋಡೆಯ ಮೇಲಿನ ಒಣ ಹಾವಸೆಯನ್ನು ಚಿಟಿಕೆಯಷ್ಟು ತಂದು ಕೆಲವು ಗಂಟೆ ನೀರಿನಲ್ಲಿ ನೆನೆಸಿಡಿ. ಸತ್ತಂತಿದ್ದ ರೋಟಿಫರ್ ಎಂಬ ಜೀವಿಗಳು ಮೈಮುರಿದೆದ್ದು, ತಲೆಯ ಮೇಲಿನ ರೋಮಗಳನ್ನು ಚಕ್ರದಂತೆ ಆಡಿಸತೊಡಗುವುದನ್ನು ಕಾಣುವ ಭಾಗ್ಯ ನಿಮ್ಮದಾಗಬಹುದು. ಇವು ಒಣಗಿ ಸುರುಟಿಕೊಂಡು ವರ್ಷಗಟ್ಟಲೆ ಕಾಯಬಲ್ಲವು. ಸೈಬೀರಿಯಾದ ಹಿಮನೆಲದಲ್ಲಿ ಸುಮಾರು 24,000 ವರ್ಷ ಹೆಪ್ಪುಗಟ್ಟಿದ್ದ ಇಂಥ ಜೀವಿಯೊಂದು ಮತ್ತೆ ಚೇತರಿಸಿಕೊಂಡು ಸಂತಾನವನ್ನೂ ಪಡೆಯಿತೆಂದು 2021ರಲ್ಲಿ ರಷ್ಯದ ವಿಜ್ಞಾನಿಗಳು ಪ್ರಕಟಿಸಿದರು.

ಕೇಳುವುದೇನನ್ನು? ಮುಸ್ಸಂಜೆಯ ಜೀರುಂಡೆ, ಮೊದಲ ಮಳೆಯ ಮರುರಾತ್ರಿಯ ಕಪ್ಪೆಗಳು, ಕುರಿಮಂದೆಯ ಗಂಟೆ, ಮಗ್ಗದ ಲಾಳಿಯ ಓಡಾಟ, ರೇಷ್ಮೆಹುಳುಗಳ ಮಳೆ. ಇವುಗಳನ್ನು ಫೋನಿನಲ್ಲಿಯೇ ಮುದ್ರಿಸಿಕೊಂಡು ಹನಿಯೊಳಗಿನ ಚಿತ್ರಕ್ಕೆ ಹೊಂದಿಸಿದರೆ ಅದೇ ಒಂದು ಪುಟ್ಟ ವಿಡಿಯೋ ಕೃತಿ. ಸಿನಿಮಾ ಹಾಡನ್ನು ಅದಕ್ಕೆ ಅಂಟಿಸದಿರುವಂತೆ ಮಕ್ಕಳಿಗೆ ತಿಳಿಹೇಳಿ. ನಮ್ಮ ನೆಲದ ದನಿ ನಮ್ಮ ನೆಲದ ಚಿತ್ರಕ್ಕೆ ಜೊತೆಯಾಗಲಿ. ಊರಹಬ್ಬದಲ್ಲೋ, ಶಾಲಾ ವಾರ್ಷಿಕೋತ್ಸವದಲ್ಲೋ ಬಿಳಿಯ ಪಂಚೆಯೊಂದನ್ನು ಕಟ್ಟಿ ತೋರಿಸಿದರೆ ಊರೆಲ್ಲ ನೋಡಬಹುದು. ಕೆರೆಯ ನೀರನ್ನು ಮುಟ್ಟಿದ ಕೈಗಳನ್ನು ಸೋಪಿನಿಂದ ತೊಳೆಯುವುದನ್ನೂ, ನೋಡಿ ಮುಗಿದ ಹನಿಯನ್ನು ಮರಳಿ ಕೆರೆಗೆ ಬಿಡುವುದನ್ನೂ ಮರೆಯಬಾರದು.

ಬೇಸಗೆ ರಜೆಗೆ ಬೆಂಗಳೂರಿನಿಂದ ಬಂದ ಮೊಮ್ಮಗನು “ಅಜ್ಜಾ, ನಿಮ್ಮೂರಿನಲ್ಲಿ ಏನಿದೆ?” ಎಂದು ಕೇಳಿದಾಗ ತಲೆ ತಗ್ಗಿಸುವ ಕಾಲ ಕಳೆಯಲಿ. ಆ ಕೈಯಲ್ಲಿರುವ ಫೋನನ್ನೇ ತೆಗೆದುಕೊಂಡು, ಆ ಮಗುವನ್ನು ಕೆರೆಯ ಏರಿಯ ಮೇಲೆ ಕರೆದೊಯ್ದು, ಒಂದು ಹನಿಯನ್ನು ತೋರಿಸೋಣ. ತನ್ನ ಅಜ್ಜನ ಊರು ಬರಡಲ್ಲ, ಮಳೆಗಾಗಿ ತಾಳ್ಮೆಯಿಂದ ಕಾದಿರುವ ಜೀವರಾಶಿಯ ತವರೆಂದು ಆ ಮಗು ಅರಿತರೆ, ನಾಳೆ ಆ ನೆಲದ ಪರವಾಗಿ ಮಾತನಾಡುವವರೊಬ್ಬರು ಹುಟ್ಟಿದಂತೆಯೇ ಸರಿ.